ಒಂದೇ ರಕ್ತ, ಎರಡು ಲ್ಯಾಬ್, ಎರಡು ರಿಪೋರ್ಟ್: ಇದು ಮೋಸವೇ?

ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಈ ಬಗೆಯ ಸಂದೇಶ ಒಮ್ಮೆಯಾದರೂ ಬಂದಿರಬಹುದು. ಯಾರೋ ಒಬ್ಬರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲ್ಯಾಬ್‌ಗೆ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸುತ್ತಾರೆ, 118 ಬರುತ್ತದೆ. ಅನುಮಾನ ಬಂದು ಅರ್ಧ ಗಂಟೆಯೊಳಗೆ ಪಕ್ಕದ ರಸ್ತೆಯ ಇನ್ನೊಂದು ಲ್ಯಾಬ್‌ಗೆ ಹೋಗುತ್ತಾರೆ, ಅಲ್ಲಿ 109. ಮನೆಗೆ ಬಂದು ಗ್ಲುಕೋಮೀಟರ್‌ನಲ್ಲಿ ನೋಡಿದರೆ 125. ಮೂರರ ಫೋಟೊಗಳನ್ನೂ ಒಟ್ಟಿಗೆ ಜೋಡಿಸಿ, ಕೆಳಗೆ ‘ಲ್ಯಾಬ್ ಮಾಫಿಯಾ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಹರಿಬಿಡುತ್ತಾರೆ. ಇಂಥ ಸಂದೇಶದ ಕೊನೆಯ ಸಾಲು ಹೆಚ್ಚಾಗಿ ಒಂದೇ ಥರ ಇರುತ್ತದೆ: ಮಾತ್ರೆ ಬಿಡಿ, ನಮ್ಮ ಕಷಾಯ ಕುಡಿಯಿರಿ.

ಈ ಸಂದೇಶದ ವಿಶೇಷ ಏನೆಂದರೆ ಇದರಲ್ಲಿರುವ ಫೋಟೊಗಳು ನಿಜವೇ ಆಗಿರಬಹುದು. ಮೂರು ಅಂಕಿಗಳೂ ನಿಜವಾಗಿರಬಹುದು. ಯಾರೂ ಎಡಿಟ್ ಮಾಡಿಲ್ಲದೆ ಇರಬಹುದು. ಆದರೂ ಅದರಿಂದ ತೆಗೆದ ತೀರ್ಮಾನ ತಪ್ಪು. ಏಕೆ ತಪ್ಪು ಎಂದು ತಿಳಿಯಲು ವೈದ್ಯಕೀಯಕ್ಕಿಂತ ಮೊದಲು ಸ್ವಲ್ಪ ಸಂಖ್ಯಾಶಾಸ್ತ್ರ ಬೇಕು. ಹೆದರಬೇಡಿ, ಹೈಸ್ಕೂಲ್ ಲೆಕ್ಕದಷ್ಟೇ.

ಸರಾಸರಿ ಒಂದೇ, ಕಥೆ ಬೇರೆ

ಲೆಕ್ಕಕ್ಕಾಗಿ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ಸಕ್ಕರೆ ಕಾಯಿಲೆ ಇದೆ, ಇಬ್ಬರೂ ಔಷಧ ತೆಗೆದುಕೊಳ್ಳುತ್ತಿದ್ದಾರೆ, ಇಬ್ಬರೂ ಒಂದು ವಾರ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಅಳೆದು ಬರೆದಿಟ್ಟಿದ್ದಾರೆ. ಮೊದಲನೆಯವರ ಏಳು ಅಂಕಿಗಳು 98, 104, 95, 110, 101, 93, 106. ಎರಡನೆಯವರದು 58, 160, 72, 141, 101, 54, 121.

ಎರಡನ್ನೂ ಕೂಡಿಸಿ ನೋಡಿ. ಎರಡೂ 707. ಏಳರಿಂದ ಭಾಗಿಸಿದರೆ ಇಬ್ಬರ ಸರಾಸರಿಯೂ ಸರಿಯಾಗಿ 101. ಸರಾಸರಿಯೊಂದನ್ನೇ ಹೇಳಿದರೆ ‘ಇಬ್ಬರದೂ ಚೆನ್ನಾಗಿದೆ’ ಎಂದು ಯಾರಾದರೂ ಹೇಳಿಬಿಡುತ್ತಾರೆ. ಆದರೆ ಎರಡನೆಯವರಿಗೆ ವಾರದಲ್ಲಿ ಎರಡು ದಿನ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿದೆ. ಇದು ಕೈ ನಡುಗುವ, ಬೆವರುವ, ಗಾಡಿ ಓಡಿಸುತ್ತಿದ್ದರೆ ಅಪಘಾತವಾಗುವ ಮಟ್ಟ. ಅಂಥ ಹೊತ್ತಿನಲ್ಲಿ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ಬೇಕು, ಆಮೇಲೆ ವೈದ್ಯರಿಗೆ ತಿಳಿಸಿ ಔಷಧದ ಪ್ರಮಾಣ ನೋಡಬೇಕು. ಸರಾಸರಿ ಇದ್ಯಾವುದನ್ನೂ ಹೇಳುವುದಿಲ್ಲ. ಹೊಳೆಯ ಸರಾಸರಿ ಆಳ ಲೆಕ್ಕ ಹಾಕಿ, ಮಕ್ಕಳ ಸರಾಸರಿ ಎತ್ತರಕ್ಕಿಂತ ಅದು ಕಡಿಮೆಯಿದೆ ಎಂದು ಎಲ್ಲರನ್ನೂ ನೀರಿಗಿಳಿಸಿದ ಲೆಕ್ಕಿಗನ ಹಳೆಯ ಕಥೆ ನೆನಪಿರಬೇಕಲ್ಲ, ಇದೂ ಅದೇ.

ಹಾಗಾದರೆ ಏರಿಳಿತವನ್ನು ಅಳೆಯುವುದು ಹೇಗೆ? ಅತಿ ಸುಲಭದ ದಾರಿ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯುವುದು. ಇದಕ್ಕೆ ವ್ಯಾಪ್ತಿ ಎನ್ನುತ್ತಾರೆ. ಮೊದಲನೆಯವರಿಗೆ 110ರಲ್ಲಿ 93 ಕಳೆದರೆ 17. ಎರಡನೆಯವರಿಗೆ 160ರಲ್ಲಿ 54 ಕಳೆದರೆ 106. ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಆದರೆ ವ್ಯಾಪ್ತಿಗೆ ಒಂದು ದೋಷವಿದೆ. ಅದು ಎರಡೇ ಅಂಕಿಗಳನ್ನು ನೋಡುತ್ತದೆ, ಉಳಿದ ಐದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ದಿನ ಕೈ ತೊಳೆಯದೆ ಮಾವಿನಹಣ್ಣು ಹೆಚ್ಚಿದ ಬೆರಳಿಗೇ ಚುಚ್ಚಿ 240 ಬಂದರೆ, ಆ ಒಂದೇ ಅಂಕಿಯಿಂದ ಇಡೀ ವಾರದ ವ್ಯಾಪ್ತಿ ಕೆಟ್ಟುಹೋಗುತ್ತದೆ.

ಆದ್ದರಿಂದ ಎಲ್ಲ ಅಂಕಿಗಳನ್ನೂ ಮಾತಾಡಿಸುವ ಅಳತೆ ಬೇಕು. ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡೋಣ. ಮೊದಲನೆಯವರಿಗೆ ಆ ದೂರಗಳು ಕ್ರಮವಾಗಿ ಮೈನಸ್ 3, 3, ಮೈನಸ್ 6, 9, 0, ಮೈನಸ್ 8, 5. ಇವನ್ನು ಹಾಗೇ ಕೂಡಿಸಿದರೆ ಸೊನ್ನೆ ಬರುತ್ತದೆ, ಯಾವಾಗಲೂ ಸೊನ್ನೆಯೇ ಬರುತ್ತದೆ. ಸರಾಸರಿ ಎಂದರೇ ಮೇಲಿನ ದೂರ ಮತ್ತು ಕೆಳಗಿನ ದೂರ ಸಮವಾಗುವ ಜಾಗ. ಹೀಗಾಗಿ ಪ್ರತಿ ದೂರವನ್ನೂ ಅದರಿಂದಲೇ ಗುಣಿಸಿ ವರ್ಗ ಮಾಡುತ್ತೇವೆ, ಮೈನಸ್ ಮಾಯವಾಗುತ್ತದೆ. 9, 9, 36, 81, 0, 64, 25. ಒಟ್ಟು 224. ಇದನ್ನು 6ರಿಂದ ಭಾಗಿಸಿದರೆ ಸುಮಾರು 37.3. ಇದು ವೇರಿಯನ್ಸ್. ಇದರ ವರ್ಗಮೂಲ ತೆಗೆದರೆ ಸುಮಾರು 6.1. ಇದೇ ಮಾನಕ ವಿಚಲನೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್. ಆ ಹೆಸರು ಕೊಟ್ಟವರು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್, 1890ರ ದಶಕದಲ್ಲಿ.

ಏಳು ಅಂಕಿಗಳಿದ್ದರೂ ಆರರಿಂದ ಏಕೆ ಭಾಗಿಸಿದ್ದು ಎಂದು ಕೇಳುವವರು ಇರುತ್ತಾರೆ, ಕೇಳಬೇಕು ಕೂಡ. ಏಳು ದಿನಗಳು ಇಡೀ ವರ್ಷದ ಒಂದು ಮಾದರಿ ಮಾತ್ರ. ನಾವು ದೂರವನ್ನು ಅಳೆದಿದ್ದು ಆ ಏಳು ಅಂಕಿಗಳದೇ ಸರಾಸರಿಯಿಂದ, ನಿಜವಾದ ವರ್ಷದ ಸರಾಸರಿಯಿಂದಲ್ಲ. ತಮ್ಮದೇ ಸರಾಸರಿಗೆ ಅಂಕಿಗಳು ಸ್ವಲ್ಪ ಹೆಚ್ಚೇ ಹತ್ತಿರ ಇರುತ್ತವೆ, ಹಾಗಾಗಿ ಏರಿಳಿತ ಕಡಿಮೆಯಿದ್ದಂತೆ ಕಾಣುತ್ತದೆ. ಒಂದನ್ನು ಕಳೆದು ಭಾಗಿಸುವುದು ಆ ಕೊರತೆಯನ್ನು ಸರಿಪಡಿಸಲು.

ಎರಡನೆಯವರಿಗೆ ಇದೇ ಲೆಕ್ಕ ಮಾಡಿದರೆ ವರ್ಗಗಳ ಮೊತ್ತ 10,380, ಮಾನಕ ವಿಚಲನೆ ಸುಮಾರು 41.6. ಈಗ ಇಬ್ಬರನ್ನೂ ಒಂದೊಂದು ಸಾಲಿನಲ್ಲಿ ಹೇಳಬಹುದು: 101, ಹೆಚ್ಚುಕಡಿಮೆ 6, 101, ಹೆಚ್ಚುಕಡಿಮೆ 42. ಮಾನಕ ವಿಚಲನೆಯನ್ನು ಸರಾಸರಿಯ ಶೇಕಡಾವಾರು ಮಾಡಿದರೆ ಮಾರ್ಪಿನ ಗುಣಾಂಕ ಸಿಗುತ್ತದೆ. ಮೊದಲನೆಯವರಿಗೆ ಶೇ 6, ಎರಡನೆಯವರಿಗೆ ಶೇ 41. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಬಳಸಿ ದಿನವಿಡೀ ಸಕ್ಕರೆ ಅಳೆಯುವವರ ವರದಿಯಲ್ಲಿ ಈ ಗುಣಾಂಕವೇ ಅಚ್ಚಾಗಿ ಬರುತ್ತದೆ. ಅದು ಶೇ 36 ಅಥವಾ ಅದಕ್ಕಿಂತ ಕಡಿಮೆ ಇರಬೇಕು ಎಂಬುದು ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಗುರಿ. ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಒಂದು ಥರದ ಸರಾಸರಿ. ಅದು ಚೆನ್ನಾಗಿದ್ದರೂ ಒಳಗೆ ಎರಡನೆಯವರಂಥ ಏರಿಳಿತ ಅಡಗಿರಬಹುದು.

ಲ್ಯಾಬ್‌ನವರೇ ಪ್ರತಿದಿನ ಮಾಡುವ ಲೆಕ್ಕ

ಇನ್ನು ಆ ಫೋಟೊಗಳಿಗೆ ಬರೋಣ. ದೇಹದಲ್ಲಿ ಮಾತ್ರವಲ್ಲ, ಅಳೆಯುವ ಯಂತ್ರದಲ್ಲೂ ಏರಿಳಿತ ಇರುತ್ತದೆ. ಒಂದೇ ಟ್ಯೂಬಿನ ರಕ್ತವನ್ನು ಒಂದೇ ಯಂತ್ರದಲ್ಲಿ ಹತ್ತು ಸಲ ಹಾಕಿದರೂ ಹತ್ತು ಸಲ ಅದೇ ಅಂಕಿ ಬರುವುದಿಲ್ಲ. ಲ್ಯಾಬ್‌ನವರು ಇದನ್ನು ಮುಚ್ಚಿಡುತ್ತಿಲ್ಲ. ಮುಚ್ಚಿಡುವುದಿರಲಿ, ಅವರ ಬೆಳಗಿನ ಕೆಲಸ ಶುರುವಾಗುವುದೇ ಇದನ್ನು ಅಳೆಯುವುದರಿಂದ.

ರೋಗಿಗಳ ಸ್ಯಾಂಪಲ್ ಹಾಕುವ ಮೊದಲು ಟೆಕ್ನೀಷಿಯನ್ ಕಂಟ್ರೋಲ್ ಎಂಬ ದ್ರವವನ್ನು ಯಂತ್ರಕ್ಕೆ ಹಾಕುತ್ತಾರೆ. ಅದರಲ್ಲಿ ಸಕ್ಕರೆ ಎಷ್ಟಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ಬಂದ ಅಂಕಿಯನ್ನು ಒಂದು ಚಾರ್ಟ್‌ನಲ್ಲಿ ಚುಕ್ಕೆಯಾಗಿ ಗುರುತಿಸುತ್ತಾರೆ. ಚಾರ್ಟ್‌ನ ನಡುವೆ ಸರಾಸರಿಯ ಗೆರೆ, ಅದರ ಮೇಲೂ ಕೆಳಗೂ ಒಂದು, ಎರಡು, ಮೂರು ಮಾನಕ ವಿಚಲನೆಯ ಗೆರೆಗಳು. ಯಂತ್ರ ಸರಿಯಿದ್ದರೆ ಚುಕ್ಕೆಗಳು ಗಂಟೆಯ ಆಕಾರದ ವಕ್ರರೇಖೆಯಂತೆ ಹರಡುತ್ತವೆ: ಸುಮಾರು ಶೇ 68ರಷ್ಟು ಮೊದಲ ಗೆರೆಗಳ ಒಳಗೆ, ಶೇ 95ರಷ್ಟು ಎರಡನೆಯವುಗಳ ಒಳಗೆ, ಶೇ 99.7ರಷ್ಟು ಮೂರನೆಯವುಗಳ ಒಳಗೆ. ಮೂರನೆಯ ಗೆರೆ ದಾಟಿದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು. ಕಾರ್ಖಾನೆಯ ಮಾಲಿನ ಗುಣಮಟ್ಟ ನೋಡಲು ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ಚಾರ್ಟ್ ಇದು. 1950ರಲ್ಲಿ ಲೀವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು ಇದನ್ನು ರಕ್ತಪರೀಕ್ಷೆಯ ಲ್ಯಾಬ್‌ಗಳಿಗೆ ತಂದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು.

ಈಗ ಸಣ್ಣ ಲೆಕ್ಕ. ಎರಡೂ ಲ್ಯಾಬ್‌ಗಳ ಯಂತ್ರಗಳ ಏರಿಳಿತ ತಲಾ ಶೇ 3 ಎಂದುಕೊಳ್ಳಿ. ನಿಜವಾದ ಸಕ್ಕರೆ 114 ಇದ್ದರೆ ಪ್ರತಿ ಲ್ಯಾಬ್‌ನ ಮಾನಕ ವಿಚಲನೆ ಸುಮಾರು 3.4. ಎರಡು ಅಳತೆಗಳ ನಡುವಿನ ವ್ಯತ್ಯಾಸದ ಮಾನಕ ವಿಚಲನೆ ಎಷ್ಟು? 3.4 ಅಲ್ಲ, ಅದರ ದುಪ್ಪಟ್ಟೂ ಅಲ್ಲ. ವೇರಿಯನ್ಸ್‌ಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು, ಹಾಗೆ ಮಾಡಿದರೆ ಸುಮಾರು 4.8. ಅದರ ಎರಡು ಪಟ್ಟು 9.6. ಅಂದರೆ ಇಬ್ಬರೂ ಪ್ರಾಮಾಣಿಕವಾಗಿ ಕೆಲಸ ಮಾಡಿದರೂ 9ರಷ್ಟು ವ್ಯತ್ಯಾಸ ಬರುವುದು ಸಹಜದ ಮಿತಿಯೊಳಗೇ ಇದೆ. 118ರಲ್ಲಿ 109 ಕಳೆದರೆ ಎಷ್ಟು? ಒಂಬತ್ತು.

ಇದರ ಮೇಲೆ ಟ್ಯೂಬಿನ ಕಥೆ ಬೇರೆ ಇದೆ. ರಕ್ತ ತೆಗೆದ ಮೇಲೂ ರಕ್ತಕಣಗಳು ಜೀವಂತವಾಗಿದ್ದು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಹಾಗೇ ಬಿಟ್ಟರೆ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಇದನ್ನು ತಡೆಯಲೆಂದೇ ಸಕ್ಕರೆ ಪರೀಕ್ಷೆಗೆ ಫ್ಲೋರೈಡ್ ಇರುವ, ಬೂದು ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದೂ ತಕ್ಷಣ ಪೂರ್ತಿ ತಡೆಯುವುದಿಲ್ಲ. ಒಂದು ಲ್ಯಾಬ್ ಅಲ್ಲೇ ಹಿಂದಿನ ಕೋಣೆಯಲ್ಲಿ ಪರೀಕ್ಷೆ ಮಾಡಿ, ಇನ್ನೊಂದು ಬೈಕ್‌ನಲ್ಲಿ ಊರಾಚೆಯ ಕೇಂದ್ರಕ್ಕೆ ಕಳಿಸಿದರೆ ಎರಡನೆಯದರಲ್ಲಿ ಕಡಿಮೆ ಬರಬಹುದು. ಯಾರೂ ಮೋಸ ಮಾಡಿರಬೇಕಿಲ್ಲ.

ಗ್ಲುಕೋಮೀಟರ್‌ಗೆ ಇನ್ನೂ ಹೆಚ್ಚು ಸಡಿಲ ಕೊಟ್ಟಿದ್ದಾರೆ. 2013ರ ಐಎಸ್‌ಒ 15197 ಮಾನದಂಡದ ಪ್ರಕಾರ, ಸಕ್ಕರೆ 100 ಅಥವಾ ಹೆಚ್ಚಿದ್ದರೆ ನೂರರಲ್ಲಿ 95 ಅಳತೆಗಳು ಲ್ಯಾಬ್ ಅಂಕಿಯ ಶೇ 15ರ ಆಚೀಚೆ ಇದ್ದರೆ ಸಾಕು. 100ಕ್ಕಿಂತ ಕಡಿಮೆಯಿದ್ದರೆ 15 ಮಿಲಿಗ್ರಾಂ ಆಚೀಚೆ. 109ಕ್ಕೆ ಶೇ 15 ಸೇರಿಸಿದರೆ 125. ಅಂದರೆ ನಮ್ಮ ಫಾರ್ವರ್ಡ್‌ನ ಮೂರನೆಯ ಫೋಟೊ ಕೂಡ ಪರೀಕ್ಷೆಯಲ್ಲಿ ಪಾಸು. ಮನೆಯ ಮೀಟರ್ ಇರುವುದು ದಿನದಿನದ ಏರಿಳಿತ ನೋಡಲು, ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅಲ್ಲ. ಡಬ್ಬಿಯ ಮುಚ್ಚಳ ತೆರೆದಿಟ್ಟು ತೇವ ಹಿಡಿದ ಸ್ಟ್ರಿಪ್ ಬಳಸಿದರೆ ಆ ಶೇ 15 ಕೂಡ ಉಳಿಯುವುದಿಲ್ಲ, ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನವರು ಇದನ್ನು ಗಮನಿಸಬೇಕು.

ಹಾಗೆಂದು ಲ್ಯಾಬ್‌ಗಳು ತಪ್ಪೇ ಮಾಡುವುದಿಲ್ಲ ಎಂದು ಹೇಳುತ್ತಿಲ್ಲ. ಒಂದು ಕಡೆ 110, ಇನ್ನೊಂದು ಕಡೆ 190 ಬಂದರೆ ಅದು ಸಹಜ ಏರಿಳಿತವಲ್ಲ. ಸ್ಯಾಂಪಲ್ ಅದಲುಬದಲಾಗಿರಬಹುದು, ಯಂತ್ರ ಕೆಟ್ಟಿರಬಹುದು, ನಿಜಕ್ಕೂ ಬೇಜವಾಬ್ದಾರಿ ಇರಬಹುದು. ಇದನ್ನು ಹಿಡಿಯುವ ವ್ಯವಸ್ಥೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನಡೆಸುವಂಥ ಬಾಹ್ಯ ಗುಣಮಟ್ಟ ಯೋಜನೆಗಳಲ್ಲಿ ಒಂದೇ ಸ್ಯಾಂಪಲ್ ಅನ್ನು ದೇಶದ ಬಹಳಷ್ಟು ಲ್ಯಾಬ್‌ಗಳಿಗೆ ಕಳಿಸಲಾಗುತ್ತದೆ. ಎಲ್ಲರ ಉತ್ತರಗಳ ಸರಾಸರಿಯಿಂದ ನಿಮ್ಮ ಲ್ಯಾಬ್ ಎಷ್ಟು ಮಾನಕ ವಿಚಲನೆಯಷ್ಟು ದೂರ ಇದೆ ಎಂದು ನೋಡುತ್ತಾರೆ. ಎರಡರೊಳಗೆ ಇದ್ದರೆ ಸರಿ, ಎರಡರಿಂದ ಮೂರು ಎಚ್ಚರಿಕೆ, ಮೂರು ದಾಟಿದರೆ ಒಪ್ಪುವಂಥದ್ದಲ್ಲ. ಎನ್‌ಎಬಿಎಲ್ ಮಾನ್ಯತೆ ಬೇಕಾದ ಲ್ಯಾಬ್ ಇಂಥ ಯೋಜನೆಯಲ್ಲಿ ಭಾಗವಹಿಸಲೇಬೇಕು. ಲ್ಯಾಬ್ ಬಗ್ಗೆ ಅನುಮಾನವಿದ್ದರೆ ಎರಡು ಫೋಟೊ ಹೋಲಿಸುವ ಬದಲು ಈ ಪ್ರಶ್ನೆ ಕೇಳಿ: ನೀವು ಯಾವ ಬಾಹ್ಯ ಗುಣಮಟ್ಟ ಯೋಜನೆಯಲ್ಲಿದ್ದೀರಿ?

ನಾರ್ಮಲ್ ಎಂದರೆ ಯಾರ ನಾರ್ಮಲ್?

ರಿಪೋರ್ಟ್‌ನ ಬಲಗಡೆ ‘ನಾರ್ಮಲ್ ರೇಂಜ್’ ಎಂಬ ಕಾಲಂ ಇರುತ್ತದೆ. ನಿಮ್ಮ ಅಂಕಿ ಅದರಾಚೆ ಹೋದರೆ ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ, ಮನೆಯವರಿಗೆಲ್ಲ ಆ ರಾತ್ರಿ ನಿದ್ದೆ ಇಲ್ಲ. ಆ ಕಾಲಂ ಬಂದದ್ದು ಎಲ್ಲಿಂದ?

ಹೆಚ್ಚಿನ ಪರೀಕ್ಷೆಗಳಲ್ಲಿ ಕ್ರಮ ಹೀಗಿದೆ. ಆರೋಗ್ಯವಂತರೆಂದು ಖಚಿತವಾದ ಕನಿಷ್ಠ 120 ಜನರ ರಕ್ತ ಪರೀಕ್ಷಿಸಿ, ಬಂದ ಅಂಕಿಗಳಲ್ಲಿ ನಡುವಿನ ಶೇ 95ನ್ನು ಇಟ್ಟುಕೊಂಡು ಎರಡೂ ತುದಿಯ ಶೇ 2.5ನ್ನು ಹೊರಗಿಡುತ್ತಾರೆ. ಅಂಕಿಗಳು ಗಂಟೆಯಾಕಾರದಲ್ಲಿ ಹರಡಿದ್ದರೆ ಇದು ಸರಾಸರಿಯ ಆಚೀಚೆ ಎರಡು ಮಾನಕ ವಿಚಲನೆಯಷ್ಟಾಗುತ್ತದೆ. ಈಗ ಮತ್ತೊಮ್ಮೆ ಓದಿ: ಹೊರಗಿಟ್ಟ ಆ ಶೇ 5ರಷ್ಟು ಜನರೂ ಆರೋಗ್ಯವಂತರೇ. ಇಪ್ಪತ್ತು ಆರೋಗ್ಯವಂತರಲ್ಲಿ ಒಬ್ಬರ ಅಂಕಿ ‘ಅಸಹಜ’ ಎಂದು ಬರುವಂತೆ ಈ ಗೆರೆಯನ್ನು ಎಳೆದಿದ್ದಾರೆ.

ಹಬ್ಬದ ಆಫರ್‌ನಲ್ಲಿ ಅರವತ್ತು, ಎಂಬತ್ತು ಪರೀಕ್ಷೆಗಳ ಪ್ಯಾಕೇಜ್ ತೆಗೆದುಕೊಳ್ಳುವವರು ಈ ಲೆಕ್ಕ ನೋಡಬೇಕು. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಎಲ್ಲವೂ ನಾರ್ಮಲ್ ಬರುವ ಸಾಧ್ಯತೆ 0.95ನ್ನು ಇಪ್ಪತ್ತು ಸಲ ಗುಣಿಸಿದಷ್ಟು, ಅಂದರೆ ಶೇ 36. ಉಳಿದ ಶೇ 64ರಷ್ಟು ಸಂದರ್ಭಗಳಲ್ಲಿ ಪೂರ್ತಿ ಆರೋಗ್ಯವಂತ ವ್ಯಕ್ತಿಗೂ ಕನಿಷ್ಠ ಒಂದು ದಪ್ಪ ಅಕ್ಷರದ ಅಂಕಿ ಸಿಗುತ್ತದೆ. ನಮ್ಮ ದೇಹದ ಪರೀಕ್ಷೆಗಳು ಅಷ್ಟೊಂದು ಪರಸ್ಪರ ಬೇರೆ ಅಲ್ಲ, ಹಾಗಾಗಿ ನಿಜದ ಪ್ರಮಾಣ ಸ್ವಲ್ಪ ಕಡಿಮೆ ಇರುತ್ತದೆ. ಆದರೂ ಕಾರಣವಿಲ್ಲದೆ ಹೆಚ್ಚು ಪರೀಕ್ಷೆ ಮಾಡಿಸಿದಷ್ಟೂ ಕಾರಣವಿಲ್ಲದ ಗಾಬರಿ ಹೆಚ್ಚು.

ಇಲ್ಲೊಂದು ಎಚ್ಚರಿಕೆ ಅಗತ್ಯ, ಇಲ್ಲವಾದರೆ ಈ ಲೇಖನವೇ ಕೆಟ್ಟ ಫಾರ್ವರ್ಡ್ ಆದೀತು. ಎಲ್ಲ ಗೆರೆಗಳೂ ಹೀಗೆ ಎಳೆದವಲ್ಲ. ಖಾಲಿ ಹೊಟ್ಟೆಯ ಸಕ್ಕರೆಗೆ 126, ಎಚ್‌ಬಿಎ1ಸಿಗೆ 6.5 ಎಂಬ ಮಿತಿಗಳು ಬಂದದ್ದು ಜನರ ಸರಾಸರಿಯಿಂದಲ್ಲ, ಎಷ್ಟು ಸಕ್ಕರೆಯಿಂದಾಚೆ ಕಣ್ಣಿನ ಹಿಂಪರದೆಗೆ ಹಾನಿ ಹೆಚ್ಚುತ್ತದೆ ಎಂಬ ಅಧ್ಯಯನಗಳಿಂದ. ಕೊಲೆಸ್ಟರಾಲ್ ಮಿತಿಯೂ ಹೃದಯಾಘಾತದ ಅಪಾಯ ನೋಡಿ ಇಟ್ಟದ್ದು. ಇವುಗಳನ್ನು ‘ಇಪ್ಪತ್ತರಲ್ಲಿ ಒಬ್ಬ ನಾನು’ ಎಂದು ತಳ್ಳಿಹಾಕುವ ಹಾಗಿಲ್ಲ. ಆದರೆ ಇಲ್ಲೂ ವೈದ್ಯರು ಏರಿಳಿತವನ್ನು ಮರೆತಿಲ್ಲ. ರೋಗಲಕ್ಷಣ ಇಲ್ಲದವರಲ್ಲಿ ಒಂದೇ ಪರೀಕ್ಷೆ ನೋಡಿ ಸಕ್ಕರೆ ಕಾಯಿಲೆ ಎಂದು ಹಣೆಪಟ್ಟಿ ಹಚ್ಚಬಾರದು, ಎರಡನೆಯ ಪರೀಕ್ಷೆಯೂ ಅದನ್ನೇ ಹೇಳಬೇಕು ಎಂಬುದು ನಿಯಮ.

ಕಷಾಯ ಕುಡಿದ ಮೇಲೆ ಇಳಿದದ್ದು ನಿಜ, ಆದರೆ...

ಏರಿಳಿತ ಗೊತ್ತಿಲ್ಲದವರು ಲ್ಯಾಬ್ ಮೇಲೆ ಅನುಮಾನ ಪಡುತ್ತಾರೆ. ಅದೇ ಜನ ಕಷಾಯವನ್ನು ತಟ್ಟನೆ ನಂಬುತ್ತಾರೆ. ಎರಡಕ್ಕೂ ಬೇರು ಒಂದೇ.

ಒಬ್ಬರ ಖಾಲಿ ಹೊಟ್ಟೆಯ ಸಕ್ಕರೆ ದಿನದಿಂದ ದಿನಕ್ಕೆ ಸುಮಾರು ಶೇ 5ರಷ್ಟು ಸಹಜವಾಗಿಯೇ ಆಚೀಚೆ ಆಗುತ್ತದೆ. ಯಂತ್ರದ ಏರಿಳಿತ ಸೇರಿಸಿದರೆ, ಎರಡು ದಿನಗಳ ಲ್ಯಾಬ್ ಅಂಕಿಗಳ ನಡುವೆ ಶೇ 15ರವರೆಗಿನ ವ್ಯತ್ಯಾಸಕ್ಕೆ ಯಾವ ಕಾರಣವೂ ಬೇಕಿಲ್ಲ. ಇದು ಆರೋಗ್ಯವಂತರ ಲೆಕ್ಕ. ಸಕ್ಕರೆ ಕಾಯಿಲೆ ಇರುವವರಲ್ಲಿ, ಅದೂ ಮನೆಯ ಮೀಟರ್‌ನಲ್ಲಿ, ಇನ್ನೂ ಹೆಚ್ಚು. ಈಗ ಯೋಚಿಸಿ, ಜನ ಮನೆಮದ್ದು ಶುರು ಮಾಡುವುದು ಯಾವ ದಿನ? ಅಂಕಿ ಚೆನ್ನಾಗಿರುವ ದಿನವಲ್ಲ. ಮದುವೆ ಊಟ ಮಾಡಿ ಬಂದ ಮರುದಿನ 190 ಕಂಡಾಗ. ವಾರದ ಅತಿ ಎತ್ತರದ ಅಂಕಿಯಿಂದ ಮುಂದಿನ ಅಂಕಿ ಎತ್ತ ಹೋಗಬಹುದು? ಬಹುಮಟ್ಟಿಗೆ ಕೆಳಗೇ. ಮೆಂತ್ಯದ ನೀರು ಕುಡಿದರೂ, ಬರೀ ನೀರು ಕುಡಿದರೂ. 160 ಬಂದ ದಿನ ಫೋಟೊ ತೆಗೆದು, ಮುಂದಿನ ಫೋಟೊ 72 ಬಂದ ದಿನ ತೆಗೆದರೆ, ನಮ್ಮ ಎರಡನೆಯ ವ್ಯಕ್ತಿಯೂ ಯಾವುದೋ ಪುಡಿಯ ಜಾಹೀರಾತಿಗೆ ಬೇಕಾದ ಸಾಕ್ಷಿ ಆಗಿಬಿಡುತ್ತಾರೆ.

ತುದಿಗೆ ಹೋದ ಅಂಕಿ ಮುಂದಿನ ಸಲ ನಡುವಿನತ್ತ ಮರಳುವ ಈ ಗುಣವನ್ನು ಮೊದಲು ಗುರುತಿಸಿದವರು ಫ್ರಾನ್ಸಿಸ್ ಗಾಲ್ಟನ್, 1886ರಲ್ಲಿ. ಅವರು ನೋಡಿದ್ದು ತಂದೆತಾಯಿ ಮತ್ತು ಮಕ್ಕಳ ಎತ್ತರ. ತುಂಬಾ ಎತ್ತರದ ತಂದೆತಾಯಿಯ ಮಕ್ಕಳು ಎತ್ತರವೇ ಇದ್ದರೂ ಸರಾಸರಿಗೆ ಸ್ವಲ್ಪ ಹತ್ತಿರವಿದ್ದರು.

ಡೆಂಗೆ ಕಾಲದಲ್ಲಿ ಪಪ್ಪಾಯ ಎಲೆಯ ರಸದ ಬಗ್ಗೆ ಬರುವ ಸಂದೇಶಗಳನ್ನೂ ಈ ಕಣ್ಣಿನಿಂದ ನೋಡಿ. ಡೆಂಗೆಯಲ್ಲಿ ಪ್ಲೇಟ್‌ಲೆಟ್ ಕೆಲವು ದಿನ ಇಳಿದು, ಹೆಚ್ಚಿನವರಲ್ಲಿ ತಾನಾಗಿಯೇ ಏರುತ್ತದೆ. ರಸ ಕುಡಿಸುವುದು ಅತಿ ಕೆಳಗಿಳಿದ ದಿನ, ಮುಂದಿನ ದಾರಿ ಮೇಲೇ. ಸಾಲದ್ದಕ್ಕೆ ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಯಂತ್ರದ ಕಣ್ಣು ತಪ್ಪಿಸಿ, ಸುಳ್ಳೇ ಕಡಿಮೆ ತೋರಿಸುವುದೂ ಉಂಟು. ಮರುದಿನ ಹೊಸ ಸ್ಯಾಂಪಲ್‌ನಲ್ಲಿ ಹಠಾತ್ತನೆ ಏರಿದಂತೆ ಕಾಣುತ್ತದೆ. ರಸಕ್ಕೆ ಏನೂ ಪರಿಣಾಮ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ, ಇದೆ ಎಂದೂ ಸಾಬೀತಾಗುವುದಿಲ್ಲ. ಅದು ತಿಳಿಯಬೇಕಾದರೆ ರಸ ಕುಡಿಯದ, ಉಳಿದಂತೆ ಅದೇ ಸ್ಥಿತಿಯಲ್ಲಿರುವ ಇನ್ನೊಂದು ಗುಂಪು ಬೇಕು, ಮತ್ತು ಎರಡು ಗುಂಪುಗಳ ಸರಾಸರಿಯ ಅಂತರ ಒಳಗಿನ ಏರಿಳಿತಕ್ಕೆ ಹೋಲಿಸಿದರೆ ಎಷ್ಟು ದೊಡ್ಡದು ಎಂದು ನೋಡಬೇಕು. ಇದಕ್ಕಿಂತ ಮುಖ್ಯವಾದ ಮಾತು: ಡೆಂಗೆಯಲ್ಲಿ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ವಿಪರೀತ ಸುಸ್ತು ಕಂಡರೆ ಪ್ಲೇಟ್‌ಲೆಟ್ ಅಂಕಿ ಎಷ್ಟೇ ಇರಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಕ್ಕರೆಯ ವಿಷಯದಲ್ಲಿ ನೀವು ಮಾಡಬಹುದಾದದ್ದು ಸರಳ. ಅದೇ ಮೀಟರ್, ಅದೇ ಹೊತ್ತು, ಸೋಪಿನಿಂದ ತೊಳೆದು ಒರೆಸಿದ ಕೈ. ಅಂಕಿಗಳನ್ನು ದಿನಾಂಕದ ಸಮೇತ ಬರೆದಿಡಿ, ಕೆಟ್ಟ ದಿನದ್ದನ್ನೂ ಬಿಡಬೇಡಿ. ಲ್ಯಾಬ್ ಪರೀಕ್ಷೆಗಳನ್ನು ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ಎರಡು ಲ್ಯಾಬ್‌ಗಳ ನಡುವಿನ ವ್ಯತ್ಯಾಸವಾದರೂ ಲೆಕ್ಕದಿಂದ ಹೊರಗುಳಿಯುತ್ತದೆ. ಎಚ್‌ಬಿಎ1ಸಿ 7.2ರಿಂದ 7.0ಕ್ಕೆ ಇಳಿದರೆ ಹಿಗ್ಗುವುದೂ ಬೇಡ, 7.0ರಿಂದ 7.2ಕ್ಕೆ ಏರಿದರೆ ಕುಗ್ಗುವುದೂ ಬೇಡ. ಸಾಮಾನ್ಯವಾಗಿ 0.5ರಷ್ಟಾದರೂ ಬದಲಾದಾಗಲೇ ಅದನ್ನು ಚಿಕಿತ್ಸೆಯ ದೃಷ್ಟಿಯಿಂದ ನಿಜವಾದ ಬದಲಾವಣೆ ಎಂದು ಪರಿಗಣಿಸುತ್ತಾರೆ. ಮಾತ್ರೆ ಬಿಡುವ ಯೋಚನೆ ಬಂದರೆ ಎರಡು ಫೋಟೊ ಹಿಡಿದುಕೊಂಡಲ್ಲ, ಒಂದು ತಿಂಗಳ ಪಟ್ಟಿ ಹಿಡಿದುಕೊಂಡು ನಿಮ್ಮ ವೈದ್ಯರ ಮುಂದೆ ಕುಳಿತುಕೊಳ್ಳಿ.